ಕಂಗಾಲ್ ನಾಯಿ: ತರುವ ಮೊದಲು ತಿಳಿಯೋಣ

ತಾಳವಾಡಿಯ ಕಾಡಂಚಿನಲ್ಲಿ ಆಡು ಕುರಿ ಸಾಕುವ ನಮಗೆ ಚಿರತೆಯ ಕಾಟ ಹೊಸದಲ್ಲ. "ದೊಡ್ಡ ಜಾತಿಯ ನಾಯಿಯೊಂದನ್ನು ತಂದು ಕಟ್ಟಿಬಿಟ್ಟರೆ ಸಾಕು" ಎನ್ನುವವರು ನಮ್ಮಲ್ಲಿದ್ದಾರೆ. ಆ 'ಕಟ್ಟಿಬಿಟ್ಟರೆ' ಎಂಬ ಮಾತಿಗೇ ನಮ್ಮ ತಕರಾರು.

ಟರ್ಕಿ ದೇಶದ ಸಿವಾಸ್ ಪ್ರಾಂತ್ಯದ ಕಂಗಾಲ್ ನಾಯಿಯನ್ನೇ ನೋಡೋಣ. ಹೆಸರು ಕೇಳಿ ನಗಬೇಡಿ, ಅದು ಅಲ್ಲಿನ ಒಂದು ಊರಿನ ಹೆಸರು. ಗೋಧಿ ಬಣ್ಣದ ಮೈ, ಕಪ್ಪು ಮೂತಿ. ಗಂಡು 50 ಕಿಲೋಗೂ ಮೇಲೆ ತೂಗುತ್ತದೆ. ತೋಳವು ಕುತ್ತಿಗೆಗೆ ಬಾಯಿ ಹಾಕದಂತೆ ಅಲ್ಲಿನ ಕುರಿಗಾಹಿಗಳು ಅದಕ್ಕೆ ಮುಳ್ಳಿರುವ ಕಬ್ಬಿಣದ ಪಟ್ಟಿ ತೊಡಿಸುತ್ತಾರೆ. ಆದರೂ ಕಾದಾಟ ಅಪರೂಪ. ಮಂದೆಯ ನಡುವೆಯೇ ಇದ್ದು, ಅಪಾಯದ ಸುಳಿವು ಸಿಕ್ಕ ಕೂಡಲೇ ಎದುರು ನಿಂತು ಗಟ್ಟಿಯಾಗಿ ಬೊಗಳುವುದೇ ಅದರ ಮುಖ್ಯ ಕೆಲಸ.

ಆಫ್ರಿಕದ ನಮೀಬಿಯಾದಲ್ಲಿ ರೈತರು ಆಡು ಹಿಡಿಯುವ ಚೀತಾಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ಚೀತಾ ಸಂರಕ್ಷಣಾ ನಿಧಿಯವರು 1994ರಿಂದ ಅವರಿಗೆ ಕಂಗಾಲ್ ಮತ್ತು ಅದರ ಬಳಗದ ಅನಟೋಲಿಯನ್ ನಾಯಿಮರಿಗಳನ್ನು ಕೊಡುತ್ತಾ ಬಂದರು. ನಷ್ಟ ಬಹಳ ಇಳಿಯಿತು. ತಳಿ ಒಳ್ಳೆಯದು ನಿಜ, ಆದರೆ ಸಾಕುವ ರೀತಿ ನೋಡಿ: ಸುಮಾರು ಎಂಟು ವಾರದ ಮರಿಯನ್ನು ಮನೆಯೊಳಗೆ ಮುದ್ದು ಮಾಡದೆ ಆಡಿನ ದೊಡ್ಡಿಯಲ್ಲೇ ಬೆಳೆಸುತ್ತಾರೆ. ಆಟದಲ್ಲಿ ಆಡುಮರಿಯ ಕಿವಿ ಕಚ್ಚಿದರೆ ಗದರಿಸಿ ತಿದ್ದುತ್ತಾರೆ. ಅದು ಪೂರ್ತಿ ಬಲಿಯಲು ಒಂದೂವರೆ, ಎರಡು ವರ್ಷ ಬೇಕು.

ಇಂಥದನ್ನು ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿದರೆ? ಕಾಯಲು ಮಂದೆಯಿಲ್ಲದೆ ಕೆರಳಿ, ಹಾಲು ತರುವ ಹುಡುಗನ ಮೇಲೇ ಎಗರೀತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸುತ್ತೋಲೆ ಹೊರಡಿಸಿದಾಗ ಕಂಗಾಲ್ ಕೂಡ ಆ ಪಟ್ಟಿಯಲ್ಲಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುತ್ತೋಲೆ ಹೋದರೂ ಭಯಕ್ಕೆ ಕಾರಣ ಉಳಿದೇ ಇದೆ.

ಇನ್ನೊಂದು ಮಾತು. ಚಿರತೆಗೆ ನಾಯಿಯೂ ಊಟವೇ. ಕಟ್ಟಿದ ನಾಯಿ ಎಷ್ಟೇ ದೊಡ್ಡದಾದರೂ ತಪ್ಪಿಸಿಕೊಳ್ಳಲಾರದು. ಕೈಯಲ್ಲಿ ಹಣವಿದ್ದರೆ ಮೊದಲು ದೊಡ್ಡಿಗೆ ಗಟ್ಟಿ ಬಾಗಿಲು, ಮೇಲೆ ತಂತಿಬಲೆ ಹಾಕಿಸೋಣ. ನಮೀಬಿಯಾದ ಪಕ್ಕದ ಬೋಟ್ಸ್ವಾನಾದಲ್ಲಿ ಊರುನಾಯಿಗಳನ್ನೇ ಮಂದೆಯೊಂದಿಗೆ ಬೆಳೆಸಿ ಕಾವಲಿಗೆ ಬಳಸುತ್ತಾರೆ. ನಮ್ಮ ನಾಟಿ ಮರಿಗಳನ್ನೂ ಹಾಗೆ ಬೆಳೆಸಿ ನೋಡಬಾರದೇಕೆ?

ಯಾವ ನಾಯಿಯಾದರೂ ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ನಡೆಯಿರಿ. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.