ಕರಿ ಎರಿಗೆ ಉಡಿ, ಕರಿ ಹುಡುಗಿಗೆ ಅಡ್ಡಹೆಸರು

ನಮ್ಮ ನವಲಗುಂದದ ಕಡೆ ಸೀಗಿ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆ ಉಡಿ ತುಂಬುತ್ತೇವೆ. ಆ ತಾಯಿಯ ಬಣ್ಣ ಯಾವುದು? ಕಾಡಿಗೆಯಂಥ ಕರಿ. ಅಣ್ಣಿಗೇರಿಯ ಅಮೃತೇಶ್ವರನ ಗುಡಿಯೂ ಕರಿಗಲ್ಲಿನದೇ. ಅಲ್ಲಿಯೂ ಕೈಮುಗಿಯುತ್ತೇವೆ. ಮನೆಗೆ ಬಂದು ಅದೇ ಬಾಯಿಂದ ನೆರೆಮನೆಯ ಕೂಸನ್ನು ‘ಕರೆವ್ವ’ ಎಂದು ಕರೆಯುತ್ತೇವೆ.

ನಾನು ಇಪ್ಪತ್ತೈದು ವರ್ಷಗಳಿಂದ ಈ ಸೀಮೆಯ ಹಳ್ಳಿಗಳಲ್ಲಿ ಪಾಠ ಹೇಳಿಕೊಂಡು ಬಂದವಳು. ಕಪ್ಪಗಿದ್ದವಳು ‘ಇದ್ದಲಿ’, ದಪ್ಪಗಿದ್ದವಳು ‘ಡೊಳ್ಳು’, ಕುಳ್ಳಗಿದ್ದವನು ‘ಗಿಡ್ಡ್ಯಾ’. ಕೇಳಿದರೆ, “ಹುಡುಗರು, ನಕ್ಕೋತ ಅಂದಿರ್ತಾವು, ಬಿಡ್ರಿ” ಎನ್ನುವವರೇ ಹೆಚ್ಚು. ಈ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಈ ಹೆಸರುಗಳನ್ನು ತಾಯಿಯ ಹೊಟ್ಟೆಯಿಂದ ತರುವುದಿಲ್ಲ, ತಾಯಿಯ ಬಾಯಿಂದ ತರುತ್ತವೆ. ಕಲಿಸುವ ಅಕ್ಕೋರ ಬಾಯಿಂದಲೂ ತರುತ್ತವೆ.

ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ವರ್ಷ ಸಾಲಿಯ ಗ್ಯಾದರಿಂಗಿನಲ್ಲಿ ಸ್ವಾಗತಗೀತೆಯ ಹೊಣೆ ನನ್ನದಾಗಿತ್ತು. ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಎಂಟನೆಯ ಇಯತ್ತೆಯ ಒಬ್ಬ ಹುಡುಗಿ. ಅವಳನ್ನು ಹಿಂದಿನ ಸಾಲಿಗೆ ಕಳಿಸಿ, ಬೆಳ್ಳಗಿದ್ದ ಇಬ್ಬರನ್ನು ಮುಂದೆ ನಿಲ್ಲಿಸಿದೆ. “ಫೋಟೋ ಚೊಲೋ ಬರ್ತೈತಿ” ಎಂದು ಎಲ್ಲರೆದುರಿಗೇ ಅಂದೆ. ಮರುದಿನದಿಂದ ಇಡೀ ವರ್ಗ ಅವಳನ್ನು ‘ಫೋಟೋ’ ಎಂದು ಕೂಗತೊಡಗಿತು. ಹದಿನೈದು ದಿನ ಅವಳು ಸಾಲಿಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ, ಏನೇನೋ ಹಚ್ಚಿ ತಿಕ್ಕಿಕೊಂಡು ಗಲ್ಲದ ಚರ್ಮ ಕಿತ್ತಿತ್ತು.

“ಅಕ್ಕೋರ, ಮುಂದಿನ ವರ್ಷ ನನ್ನ ಮುಂದ ನಿಂದರಸ್ತೀರೇನ್ರಿ?” ಎಂದಳು.

ಅಡ್ಡಹೆಸರಿಟ್ಟ ಹುಡುಗರನ್ನು ಬೈಯಲು ನನಗೆ ಯಾವ ಮುಖವಿತ್ತು? ಹೆಸರನ್ನು ಅವರ ಕೈಗೆ ಕೊಟ್ಟವಳೇ ನಾನು.

ಕಾಯ್ದೆ ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ, ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. 1975ರಿಂದ ಮನೆಮನೆಗೆ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ‘ಫೇರ್’ ಎಂಬ ಶಬ್ದ ಬಿಟ್ಟು ‘ಗ್ಲೋ’ ಎಂದಾಯಿತು. ಟ್ಯೂಬಿನ ಹೆಸರು ಬದಲಾಯಿತು. ನಮ್ಮ ನಾಲಿಗೆ ಬದಲಾಯಿತೇ?

“ಕನ್ಯಾ ನೋಡಾಕ ಬಂದವರು ಬಣ್ಣಾನ ಕೇಳ್ತಾರ, ನಾವೇನ್ ಮಾಡೋಣ್ರಿ?” ಎಂದು ತಾಯಂದಿರು ಕೇಳುತ್ತಾರೆ. ಹಾಗೆ ನೋಡಲು ಬರುವವರು ಯಾರು ತಾಯಿ? ಮಗನ ಜೊತೆ ಬಂದು ಹುಡುಗಿಯ ಮೋರೆ, ಎತ್ತರ, ಕೂದಲು ಅಳೆಯುವವರಲ್ಲಿ ನಾವೂ ಇರುತ್ತೇವೆ. ಮನೆಗೆ ಬಂದು, “ಎಲ್ಲಾ ಚೊಲೋ ಐತಿ, ಬಣ್ಣ ಒಂಚೂರು ಕಮ್ಮಿ” ಎಂದು ನಾವು ಆಡುವಾಗ ಮೂಲೆಯಲ್ಲಿ ಬರೆಯುತ್ತ ಕೂತ ಮಗ ಕೇಳಿಸಿಕೊಳ್ಳುತ್ತಾನೆ. ಮರುದಿನ ಅವನು ಸಾಲಿಯಲ್ಲಿ ಒಬ್ಬಳನ್ನು ‘ಇದ್ದಲಿ’ ಎಂದರೆ, ಅದು ನಾವು ಮನೆಯಲ್ಲಿ ಕಲಿಸಿದ ಪಾಠವೇ.

ಈಗ ನಮ್ಮ ಗ್ಯಾದರಿಂಗಿನಲ್ಲಿ ಚೆನ್ನಾಗಿ ಹಾಡುವವರು ಮುಂದೆ ನಿಲ್ಲುತ್ತಾರೆ. ಅತಿಥಿಗಳಿಗೆ ಹೂ ಕೊಡುವವರನ್ನು ಚೀಟಿ ಎತ್ತಿ ಆರಿಸುತ್ತೇವೆ. ಅಡ್ಡಹೆಸರು ಕಿವಿಗೆ ಬಿದ್ದರೆ, ಕರೆದವನನ್ನು ಕೂರಿಸಿಕೊಂಡು, “ಈ ಹೆಸರು ಎಲ್ಲಿ ಕಲ್ತಿ?” ಎಂದು ಮೊದಲು ಕೇಳುತ್ತೇನೆ. ಉತ್ತರ ಬಹಳ ಸಲ ಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಆ ಹುಡುಗಿ ಮುಂದೆ ಸಾಲಿಗೆ ಬಂದಳು, ಪರೀಕ್ಷೆಯನ್ನೂ ಪಾಸಾದಳು. ಆದರೆ ನಮ್ಮ ಸಾಲಿಯಲ್ಲಿ ಮತ್ತೆಂದೂ ಹಾಡಲಿಲ್ಲ.