ಕಾರಿನ ಕೀ ಯಾರ ಕೈಯಲ್ಲಿ?

ಹೆಂಗಸರು ಗಾಡಿ ಬಿಟ್ಟರೆ ಅಷ್ಟೇ ಕತೆ ಅಂತ ತಮಾಷೆ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಮೋಟಾರು ಗಾಡಿಯಲ್ಲಿ ಮೊತ್ತಮೊದಲು ದೂರದೂರಿಗೆ ಹೋಗಿ ಬಂದದ್ದೇ ಒಬ್ಬ ಹೆಂಗಸು. ಹೆಸರು ಬರ್ತಾ ಬೆಂಜ್, ಇದ್ದದ್ದು ಜರ್ಮನಿಯ ಮಾನ್‌ಹೈಮ್‌ನಲ್ಲಿ.

ಪತಿ ಕಾರ್ಲ್ ಬೆಂಜ್ 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದರು. ಅದಕ್ಕೂ ಬಹಳ ಮೊದಲು ಅವರ ವರ್ಕ್‌ಶಾಪ್ ಕೈತಪ್ಪುವ ಹಂತದಲ್ಲಿದ್ದಾಗ, ಮದುವೆಗೆ ಮುಂಚೆಯೇ ವರದಕ್ಷಿಣೆ ಹಣ ತರಿಸಿ ಉಳಿಸಿದವರು ಬರ್ತಾ. ಪೇಟೆಂಟಿನಲ್ಲಿ ಮಾತ್ರ ಅವರ ಹೆಸರಿಲ್ಲ. ಗಾಡಿಯೇನೋ ತಯಾರಾಯಿತು, ಜನ ನಂಬಬೇಕಲ್ಲ?

1888ರ ಆಗಸ್ಟ್‌ನ ಒಂದು ಬೆಳಿಗ್ಗೆ, ಪತಿಗೆ ತಿಳಿಸದೆ, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳೊಂದಿಗೆ ಬರ್ತಾ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟರು. ದೂರ ಸುಮಾರು 100 ಕಿ.ಮೀ., ಅಂದರೆ ನಾವು ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವಷ್ಟು. ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ವೀಸ್ಲಾಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯುವ ಲಿಗ್ರೋಯಿನ್ ಕೊಂಡು ಎಂಜಿನ್‌ಗೆ ಹಾಕಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬ್ರೇಕ್ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದರು. ಏರು ಬಂದಲ್ಲಿ ಗಾಡಿ ತಳ್ಳಿದರು. ಸಂಜೆ ತಲುಪಿ ಪತಿಗೆ ತಂತಿ ಕಳುಹಿಸಿದರು. ಏರು ಹತ್ತಲು ಇನ್ನೊಂದು ಗೇರ್ ಬೇಕೆಂಬ ಅವರ ಸಲಹೆಯನ್ನು ಕಾರ್ಲ್ ಒಪ್ಪಿದರು. ಅದು ಬರೀ ಸವಾರಿಯಲ್ಲ, ಗಾಡಿಯ ಪರೀಕ್ಷೆಯೇ ಆಗಿತ್ತು.

ಇದೆಲ್ಲ ಪರದೇಶದ ಮಾತು ಅನ್ನಬೇಡಿ. 1993ರಲ್ಲಿ ಪಕ್ಕದ ತಮಿಳುನಾಡಿನಲ್ಲಿ ಕನ್ಯಾಕುಮಾರಿ ಜಿಲ್ಲೆಯ ವಸಂತಕುಮಾರಿ ಸರಕಾರಿ ಬಸ್ಸಿನ ಸ್ಟಿಯರಿಂಗ್ ಹಿಡಿದರು.

ನಮ್ಮ ಗಡಿನಾಡಿನ ಮನೆಗಳಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೇ ಓಡಬೇಕು. ಗಂಡಸರು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಅಂಗಳದಲ್ಲಿ ಕಾರಿದೆ, ಮನೆಯಾಕೆಯ ಲೈಸೆನ್ಸೂ ಇದೆ, ಆದರೆ ಅದು ಕಪಾಟಿನೊಳಗೆ. "ನಿನಗೆ ಯಾಕೆ ಆ ಉಸಾಬರಿ" ಎಂಬ ಒಂದು ಮಾತಿಗೆ ಕಲಿತದ್ದೂ ಮರೆತುಹೋಗಿರುತ್ತದೆ. ರಾತ್ರಿ ಎರಡು ಗಂಟೆಗೆ ಅಜ್ಜನಿಗೆ ಎದೆನೋವು ಬಂದರೆ ಪಕ್ಕದ ಮನೆಯ ಬಾಗಿಲು ಬಡಿಯಬೇಕು.

ಮಗಳಿಗೆ ಚಿನ್ನ ಮಾಡಿಸುವ ಅಪ್ಪ ಅಮ್ಮಂದಿರು ಡ್ರೈವಿಂಗನ್ನೂ ಕಲಿಸಲಿ. ಕಲಿತ ಸೊಸೆಗೆ ಅತ್ತೆ ಮಾವ ವಾರಕ್ಕೊಮ್ಮೆಯಾದರೂ ಕೀ ಕೊಡಲಿ. ಬರ್ತಾ ಅನುಮತಿಗೆ ಕಾಯಲಿಲ್ಲ. ನಮ್ಮ ಹೆಣ್ಮಕ್ಕಳೂ ಕಾಯಬೇಕಾದ ಪ್ರಸಂಗ ಬರಬಾರದು.