ಎರಡು ಮಂತ್ರ, ಒಂದು ಹೊಲ

ಎರಡು ಮಂತ್ರಗಳು ಎದುರುಬದುರಾದರೆ ಯಾವುದು ನಿಲ್ಲಬೇಕು? ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಕೈಪಿಡಿ ಇದಕ್ಕೆ ಮಟ್ಟದ ಲೆಕ್ಕ ಇಟ್ಟಿದೆ. ಕತ್ತಲೆಯ ಮಂತ್ರ 2ನೇ ಮಟ್ಟದ್ದು. 2ರವರೆಗಿನ ಮಂತ್ರದ ಬೆಳಕನ್ನು ಅದು ಆರಿಸುತ್ತದೆ. ಹಗಲಿನ ಮಂತ್ರ 3ನೆಯದು. 3ರವರೆಗಿನ ಕತ್ತಲೆಯನ್ನು ಅದು ಅಳಿಸುತ್ತದೆ. ಅದೇ ಕತ್ತಲೆಯನ್ನು 4ನೇ ಮಟ್ಟದಲ್ಲಿ ಹಾಕಿದರೆ? ಹಗಲು ಅದನ್ನು ಅಳಿಸಲಾರದು. ಕತ್ತಲೆಯೂ ಹಗಲನ್ನು ಆರಿಸಲಾರದು. ಎರಡೂ ಒಂದೇ ಜಾಗದಲ್ಲಿ ಉಳಿಯುತ್ತವೆ. ಮುಂದಿನದನ್ನು ಆಟ ನಡೆಸುವವರೇ ಹೇಳಬೇಕು.

ಈ ಬಿರುಕು ದೊಡ್ಡದಲ್ಲ. ನಡೆಸುವವರು ಬಲ್ಲವರಾದರೆ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತದೆ. ಕೊರತೆ ಇರುವುದು ಬೇರೆ ಕಡೆ. ಒಂದೇ ಮಂತ್ರವನ್ನು ಒಬ್ಬನ ಮೇಲೆ ಇಬ್ಬರು ಹಾಕಿದರೆ ಫಲ ಕೂಡುವುದಿಲ್ಲ, ಹೆಚ್ಚು ಬಲದ್ದೇ ನಡೆಯುತ್ತದೆ ಎಂದೂ ಕೈಪಿಡಿ ಹೇಳುತ್ತದೆ. ಲೆಕ್ಕವೆಲ್ಲ ಹಾಕಿದವರು, ಹಾಕಿಸಿಕೊಂಡವರ ನಡುವೆಯೇ ಮುಗಿಯಿತು. ಅವರು ನಿಂತ ನೆಲಕ್ಕೆ ಏನಾಯಿತೆಂದು ಕೇಳುವ ಸಾಲು ಈ ಲೆಕ್ಕದಲ್ಲಿಲ್ಲ.

ಮಹಾಭಾರತದ ಸೌಪ್ತಿಕಪರ್ವ ಅದನ್ನು ಕೇಳಿದೆ. ಅಶ್ವತ್ಥಾಮ ಹುಲ್ಲುಕಡ್ಡಿಯಲ್ಲಿ ಬ್ರಹ್ಮಶಿರ ಅಸ್ತ್ರವನ್ನು ಆವಾಹಿಸಿ ಬಿಟ್ಟ; ಅರ್ಜುನ ಎದುರಿಗೆ ಅದನ್ನೇ ಬಿಟ್ಟ. ಅಸ್ತ್ರ ಒಂದೇ, ಬಲ ಸಮ. ನಾರದರೂ ವ್ಯಾಸರೂ ನಡುವೆ ಬಂದು ನಿಂತರು. ಅಲ್ಲಿ ಬರುವ ನಿಯಮ ಸ್ಪಷ್ಟವಾಗಿದೆ: ಬ್ರಹ್ಮಶಿರವನ್ನು ಇನ್ನೊಂದು ಮಹಾಸ್ತ್ರ ತಡೆದ ನಾಡಿನಲ್ಲಿ 12 ವರ್ಷ ಮಳೆ ಬೀಳದು. ಗೆದ್ದವರು ಯಾರೆಂದು ತಿಳಿಯುವ ಮೊದಲೇ ನೆಲ ಸೋತಿರುತ್ತದೆ. ಅರ್ಜುನ ತನ್ನ ಅಸ್ತ್ರವನ್ನು ಹಿಂದಕ್ಕೆ ಕರೆದುಕೊಂಡ. ಅಶ್ವತ್ಥಾಮನಿಗೆ ಬಿಡುವುದು ಬರುತ್ತಿತ್ತು, ಕರೆದುಕೊಳ್ಳುವುದು ಬರುತ್ತಿರಲಿಲ್ಲ. ಅವನ ಅಸ್ತ್ರ ಯುದ್ಧಕ್ಕೇ ಬಾರದ ಉತ್ತರೆಯ ಬಸಿರಿಗೆ ಬಿತ್ತು.

12 ವರ್ಷ ಎಂಬ ಮಾತು ರಾಯಬಾಗ ತಾಲ್ಲೂಕಿನವರಿಗೆ ಬರೀ ಪುರಾಣದ ಅಂಕಿಯಲ್ಲ. ಕುಡಚಿಯ ಬದಿಗೆ ಕೃಷ್ಣೆ ಹರಿಯುತ್ತಾಳೆ. ಆದರೂ ನೀರಾವರಿ ಮುಟ್ಟದ ಹೊಲಗಳು ಇಂದಿಗೂ ಮುಗಿಲು ನೋಡುತ್ತವೆ. ಒಂದು ಮಳೆಗಾಲ ತಪ್ಪಿದರೆ ಮನೆಯ ಲೆಕ್ಕ ಹೇಗೆ ತಲೆಕೆಳಗಾಗುತ್ತದೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡದಲ್ಲಿ ಇಂಥ ಆಟ ಕಟ್ಟುವವರು ದೊಡ್ಡಾಟದಲ್ಲಿ ಕಂಡ ಅಸ್ತ್ರಗಳನ್ನು ಧಾರಾಳವಾಗಿ ತರಲಿ. ಆಯುಧ ಕೆಳಗಿಟ್ಟವರನ್ನು ಬಿಟ್ಟು, ಎದುರಿಸಿದವರ ಮೇಲೆ ಬೆಳೆಯುವ ನಾರಾಯಣಾಸ್ತ್ರಕ್ಕೂ ಜಾಗವಿರಲಿ. ಆದರೆ ಬಲದ ಅಂಕಿ ಬರೆದು ಕೈತೊಳೆದುಕೊಳ್ಳಬಾರದು. ಪ್ರತಿ ಮಂತ್ರದ ಮುಂದೆ, ದಾಳ ಉರುಳುವ ಮೊದಲೇ, ಇನ್ನೆರಡು ಸಾಲು ಬೇಕು: ಹಾಕಿದವನಿಗೆ ಅದನ್ನು ಹಿಂದಕ್ಕೆ ಕರೆಯಲು ಬರುತ್ತದೆಯೆ, ಸಮಬಲ ತಾಕಿದರೆ ಯಾವ ಊರಿನ ಮಳೆ ನಿಲ್ಲುತ್ತದೆ.